ಎರಡು ಕೆಮ್ಮು

ಈ ಸಲ ದರ್ಜಿ ಪಟ್ಟು ಬಿಡುವ ಹಾಗಿರಲಿಲ್ಲ. ಹ್ಯಾಮ್ ರೇಡಿಯೊ ಹವ್ಯಾಸಿಗಳ ಸಂಘದ ರಿಪೀಟರನ್ನು, ಅಂದರೆ ಸದಸ್ಯರ ಮಾತನ್ನು ಊರಗಲಕ್ಕೆ ಮುಟ್ಟಿಸುವ ಯಂತ್ರವನ್ನು, ಡಿಜಿಟಲ್ ಮಾಡಬೇಕೆಂದು ಅವರ ಭಾಮೈದ ಹಟ ಹಿಡಿದಿದ್ದ. ಹಾಗೆ ಮಾಡಿದರೆ, ಡಿಜಿಟಲ್ ಮಾತನ್ನು ಬಿಡಿಸಿಕೊಡುವ ಎಲೆಕ್ಟ್ರಾನಿಕ್ ಚಿಪ್ ಇಲ್ಲದ ದರ್ಜಿಯ ಹಳೆಯ ರೇಡಿಯೊ ಸೆಟ್ಟಿನಲ್ಲಿ ಬರೀ ಗರಗರ ಸದ್ದು. ತೀರಿಹೋದ ಹೆಂಡತಿ ಮನೆಯಿಂದ ಮಾತಾಡುತ್ತಿದ್ದುದನ್ನು ಅವರು ಅಂಗಡಿಯಲ್ಲಿ ಹೊಲಿಯುತ್ತ ಕೇಳಿದ್ದು ಅದೇ ಸೆಟ್ಟಿನಲ್ಲಿ. ಈಗಲೂ ಬೆಳಗ್ಗೆ ದೇವರಿಗೆ ಕೈಮುಗಿದು, ಅದರ ಗುಂಡಿ ತಿರುಗಿಸದೆ ಅವರು ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ.

ಸಂಘದವರು ಹಿರಿಯರ ಮಾತು ಮೀರುವವರಲ್ಲ. ಹವ್ಯಾಸಿಗಳು ಗುಪ್ತಭಾಷೆಯಲ್ಲಿ ಮಾತಾಡಬಾರದೆಂಬ ನಿಯಮವಿದೆ; ಒಂದು ಕಂಪನಿಯ ಚಿಪ್ಪಿಲ್ಲದೆ ತಿಳಿಯದ ಮಾತು ಗುಪ್ತವಲ್ಲದೆ ಇನ್ನೇನು ಎಂದು ದರ್ಜಿ ಸಭೆಯಲ್ಲಿ ಅಂದರೆ ಮುಗಿಯಿತು.

ಸಭೆಯ ಹಿಂದಿನ ಸಂಜೆ ಭಾಮೈದ ಅಂಗಡಿಗೆ ಬಂದು ಬಟ್ಟೆಯ ರಾಶಿ ಸರಿಸಿ ಕೂತ. ಆ ಚಿಪ್ಪನ್ನು ಯಾರು ಬೇಕಾದರೂ ಕೊಳ್ಳಬಹುದು, ಯಾರಿಂದಲೂ ಏನನ್ನೂ ಬಚ್ಚಿಡುವ ಉದ್ದೇಶವಿಲ್ಲ ಎಂದು ತಿಳಿಹೇಳಿದ. ಇನ್ನು ಕಿವಿಯನ್ನೂ ಅಂಗಡಿಯಿಂದ ತರಬೇಕೇನು ಎಂದು ದರ್ಜಿ ಕುಟುಕಿದರು.

"ಭಾವ, ನಿಯಮ ಹೇಳೋದು ಅರ್ಥ ಮುಚ್ಚಿಡಬೇಡಿ ಅಂತ. ಅಕ್ಕ ರೇಡಿಯೊದಲ್ಲಿ ಮಾತಿನ ಮಧ್ಯೆ ಎರಡು ಸಲ ಕೆಮ್ತಿದ್ಲಲ್ಲ, ಅದಕ್ಕೇನರ್ಥ?"

ದರ್ಜಿಯ ಕತ್ತರಿ ನಿಂತಿತು. "ನಿಂಗ್ಯಾರು ಹೇಳಿದ್ದು?"

"ಸಂಘಕ್ಕೆಲ್ಲ ಅಕ್ಕಂಗೆ ನೆಗಡಿ ಅನ್ನೋ ಚಿಂತೆಯಾಗ್ತಿತ್ತು. ಅವಳು ಕೆಮ್ಮಿದ ಕೂಡ್ಲೆ ನೀವು ಬಾಗಿಲು ಹಾಕ್ಕೊಂಡು ಊಟಕ್ಕೆ ಓಡೋದು ನಾನು ಕಂಡಿಲ್ವಾ? ಗುಪ್ತಭಾಷೆ ಅಂದ್ರೆ ಅದು."

ಹೆಂಡತಿ ಹೋದ ಮೇಲೆ ದರ್ಜಿ ನಕ್ಕದ್ದು ಅದೇ ಮೊದಲು. ನಗುತ್ತಲೇ, ಇನ್ನೂ ಅಂಗಿಗೆ ಸೇರದ ಒಂದು ತೋಳಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಸಭೆಯಲ್ಲಿ ಎಲ್ಲರೂ ಅವರ ಮುಖ ನೋಡಿದರು. ಸುಳ್ಳು ಹೇಳಿ ಸೆಟ್ಟು ಉಳಿಸಿಕೊಂಡರೆ ನಾಳೆ ದೇವರಿಗೆ ಯಾವ ಮುಖದಿಂದ ಕೈಮುಗಿಯುವುದು? "ಆ ಚಿಪ್ಪು ಬೀಗ ಹೌದು, ಆದರೆ ಕೀಲಿ ಅಂಗಡಿಯಲ್ಲೇ ಸಿಗುತ್ತೆ, ಗುಟ್ಟಲ್ಲ" ಎಂದು ಹೇಳಿ ಕೂತುಬಿಟ್ಟರು.

ರಿಪೀಟರ್ ಬದಲಾಯಿತು. ಭಾಮೈದ ತಾನೇ ಬಂದು ಅವರ ಹಳೆಯ ಸೆಟ್ಟನ್ನು ರಿಪೀಟರಿನ ಹಂಗಿಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ಮಾತಾಡುವ ಬೇರೊಂದು ಚಾನೆಲ್ಲಿಗೆ ತಿರುಗಿಸಿ, ಆಫ್ ಮಾಡಬೇಡಿ ಎಂದಷ್ಟೇ ಹೇಳಿ ಹೋದ. ಬೆಳಗೆಲ್ಲ ಅದು ಮೂಕವಾಗಿತ್ತು. ಹೊಟ್ಟೆ ಹಸಿಯುವ ಹೊತ್ತಿಗೆ ಯಾರೋ ಎರಡು ಸಲ ಕೆಮ್ಮಿದರು. ಒರಟು ಗಂಡು ಕೆಮ್ಮು. ನಟನೆ ಕೊಂಚ ಹೆಚ್ಚೇ ಆಗಿತ್ತು.

ದರ್ಜಿ ಮೈಕಿಗೆ ಕೈ ಚಾಚಿ ಹಿಂದೆಗೆದುಕೊಂಡರು. ಉತ್ತರ ಕೊಟ್ಟರೆ ಗುಟ್ಟು ಬಯಲಾದೀತು. ಅಂಗಡಿಯ ಬಾಗಿಲು ಹಾಕಿ, ಭಾಮೈದನ ಮನೆಯ ಕಡೆ ಹೆಜ್ಜೆ ಹಾಕಿದರು.