ಕೊನೆಯ ಹದಿನಾರು ಪುಟ

ಎರಡು ಸಾವಿರನೇ ಇಸವಿಗೆ ಮನುಷ್ಯ ಊಟ ಬಿಟ್ಟು ಮಾತ್ರೆ ನುಂಗಿಯೇ ಬದುಕುತ್ತಾನೆ ಎಂದು ಒಂದು ಪುಸ್ತಕದಲ್ಲಿತ್ತು. ಆ ಪುಸ್ತಕವನ್ನು ನಾನು ಮೂರು ಸಲ ಹೊಲಿದಿದ್ದೇನೆ. ಇಸವಿ ಬಂತು, ಹೋಯಿತು. ಮಾತ್ರೆಯನ್ನೇನೋ ನುಂಗುತ್ತಿದ್ದೇನೆ, ಬೆಳಿಗ್ಗೆ ಮೂರು, ಸಂಜೆ ಎರಡು. ಆದರೆ ಎಲ್ಲವನ್ನೂ ಊಟವಾದ ಮೇಲೇ ನುಂಗಬೇಕಂತೆ. ಬರೆದವನಿಗೆ ಅದೊಂದು ಹೊಳೆದಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಉಳಿದ ವಿದ್ಯೆಯೆಲ್ಲ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುತ್ತಾ ಬಂದದ್ದು. ಬೈಂಡರ್ ಓದುವುದು ಹದಿನಾರು ಹದಿನಾರು ಪುಟವಾಗಿ. ಅದಕ್ಕೆ ಫಾರಂ ಅನ್ನುತ್ತೇವೆ. ಫಾರಂ ಎತ್ತಿಕೊಳ್ಳುವುದು, ಮಡಿಕೆ ಒತ್ತುವುದು, ಸೂಜಿ ಚುಚ್ಚುವ ಮೊದಲು ಕಣ್ಣಾಡಿಸುವುದು. ಹಾಗೆ ಕಣ್ಣಾಡಿಸಿಯೇ ನನಗೆ ವಿಜ್ಞಾನದ ಕಥೆಗಳ ಹುಚ್ಚು ಹತ್ತಿತು. ಎಲ್ಲದರಲ್ಲೂ ಒಬ್ಬ ಕ್ಯಾಪ್ಟನ್, ಒಬ್ಬ ಡಾಕ್ಟರ್, ಮಾತಾಡುವ ಒಂದು ಯಂತ್ರ. ಯಂತ್ರ ಮೊದಲ ಫಾರಂನಲ್ಲಿ ಹಸುವಿನಂತಿದ್ದು ಐದನೆಯದರಲ್ಲಿ ತಿರುಗಿಬೀಳುತ್ತದೆ. ಕೋಟಿ ಮೈಲಿ ಹೋಗುವ ಹಡಗಿನಲ್ಲಿ ಒಂದು ಸ್ಪೇರ್ ಪಾರ್ಟ್ ಇರುವುದಿಲ್ಲ. ಬೇರೆ ಗ್ರಹದವರು ನಮ್ಮ ಭಾಷೆಯನ್ನೇ ಕಲಿತು ಬಂದಿರುತ್ತಾರೆ. ನಾನು ಹೇಳಿದ್ದು ನನ್ನ ಹೆಂಡತಿಗೇ ಅರ್ಥವಾಗುವುದಿಲ್ಲ, ಅವರಿಗೆ ಆಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅಂಥ ಹೊಸ ಪುಸ್ತಕ ಬಂದರೆ ಮೊದಲು ಕೈ ಹಾಕುವವನು ನಾನೇ.

ಮೂವತ್ತು ವರ್ಷದ ಕೆಳಗೆ ಅಂಥ ಎರಡು ಒಟ್ಟಿಗೆ ರಿಪೇರಿಗೆ ಬಂದವು. ಒಂದೇ ಪ್ರಕಾಶಕರದು, ಒಂದೇ ಅಳತೆ, ಒಂದೇ ಅಚ್ಚು, ಎರಡಕ್ಕೂ ನೂರ ಅರವತ್ತು ಪುಟ. ಒಂದರಲ್ಲಿ ಕ್ಯಾಪ್ಟನ್ ಆಕಾಶಕ್ಕೆ ಹೋಗುತ್ತಾನೆ, ಇನ್ನೊಂದರಲ್ಲಿ ಕಡಲ ತಳಕ್ಕೆ. ಎರಡನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಜೋಡಿಸುವಾಗ ಪುಟದ ನಂಬರು ನೋಡಿದೆ, ಸರಿಯಿತ್ತು. ಕೊನೆಯ ಅಧ್ಯಾಯ ಎರಡರಲ್ಲೂ ನೂರ ನಲವತ್ತೈದನೇ ಪುಟಕ್ಕೇ ಶುರು. ಹೊಲಿದೆ, ಅಂಟು ಬಳಿದೆ, ರಟ್ಟು ಕಟ್ಟಿದೆ. ಆಕಾಶದ ಕೊನೆಯ ಫಾರಂ ಕಡಲಿಗೆ ಹೋಯಿತು, ಕಡಲಿನದು ಆಕಾಶಕ್ಕೆ ಬಂತು.

ಯಾರೂ ದೂರಲಿಲ್ಲ. ಅಲ್ಲೂ ಕ್ಯಾಪ್ಟನ್, ಇಲ್ಲೂ ಕ್ಯಾಪ್ಟನ್!

ನನಗೆ ಗೊತ್ತಾದದ್ದು ಮೇಷ್ಟ್ರಿಂದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು, ನನ್ನದೇ ಹುಚ್ಚು ಅವರಿಗೂ. ಅದೇ ವರ್ಷ ಲೈಬ್ರರಿಯ ಹಾಲ್‌ನಲ್ಲಿ ಆಕಾಶದ ಪುಸ್ತಕದ ಮೇಲೆ ಭಾಷಣ ಮಾಡಿದರು.

"ಹದಿನಾಲ್ಕು ಅಧ್ಯಾಯ ನಕ್ಷತ್ರಗಳ ಮಧ್ಯೆ ಹಾರಿದ ಹಡಗು! ಕೊನೆಗೆ ಕ್ಯಾಪ್ಟನ್ ಬಾಗಿಲು ತೆಗೀತಾನೆ, ಒಳಗೆ ನುಗ್ಗೋದೇನು? ನೀರು! ಅಂದ್ರೆ ಹಡಗು ಹೊರಟೇ ಇರ್ಲಿಲ್ಲ. ತಳದಲ್ಲಿ ಕೂತು ಆಕಾಶದ ಕನಸು ಕಾಣ್ತಿದ್ರು ಅಷ್ಟೇ. ನಾವೆಲ್ಲ ಇನ್ನೇನು ಮಾಡ್ತಿದ್ದೀವಿ ಹೇಳಿ?"

ಮುಂದಿನ ಸಾಲಿನಲ್ಲೊಬ್ಬರು ಕಣ್ಣೊರೆಸಿಕೊಂಡರು. ಇದು ನನ್ನ ತಪ್ಪು ಎಂದು ಹೇಳಲು ನಾನು ಎದ್ದು ನಿಂತೆ. ಗೌರವಕ್ಕೆ ಎದ್ದೆನೆಂದು ತಿಳಿದು ಹಾಲ್‌ಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ನಾನು ಕೂತೆ. ಆಮೇಲೆ ವರ್ಷಕ್ಕೊಂದು ಸಲ ಅದೇ ಭಾಷಣ, ಅದೇ ನೀರು, ಅದೇ ಚಪ್ಪಾಳೆ. ಊರಿನಲ್ಲಿದ್ದದ್ದು ಅದೊಂದೇ ಪ್ರತಿ.

"ನಿಮ್ಮ ಬಾಯಿಗೂ ಅಂಟು ಬಳ್ಕೊಂಡಿದ್ದೀರಾ?" ಎನ್ನುತ್ತಿದ್ದಳು ಹೆಂಡತಿ. ಬಳಿದುಕೊಂಡಿದ್ದೆ. ಒಳ್ಳೇ ಅಂಟು.

ಈ ವರ್ಷ ಆ ಪುಸ್ತಕ ಸಿನಿಮಾ ಆಯಿತು. ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೋದರು. ಗಾಳಿಯೇ ಇಲ್ಲದ ಕಡೆ ಅಷ್ಟೊಂದು ಸದ್ದು, ನನ್ನ ಎಡಗಿವಿ ಇನ್ನೂ ಗುಂಯ್‌ಗುಡುತ್ತಿದೆ. ಆರು ವರ್ಷ ಹಡಗಿನಲ್ಲಿದ್ದ ಡಾಕ್ಟರಮ್ಮನ ಒಂದು ಕೂದಲು ಕದಲಲಿಲ್ಲ. ಕೊನೆಗೆ ಹಡಗು ಭೂಮಿಗಿಳಿದು, ಹೆಂಡತಿ ಬಯಲಿನಲ್ಲಿ ನಿಂತಿದ್ದು, ಮಗಳು ಓಡಿಬಂದು, ಪಿಟೀಲು ಬಾರಿಸಿ ಮುಗಿಯಿತು. ಪುಸ್ತಕದಲ್ಲಿ ಪಿಟೀಲೊಂದು ಇರಲಿಲ್ಲ. ಉಳಿದದ್ದೆಲ್ಲ ನಿಜವಾದ ಕೊನೆಯೇ.

ಮೇಷ್ಟ್ರು ಕುರ್ಚಿಯಿಂದ ಹಾರಿದರು. "ಕೊನೆಯನ್ನೇ ಕೊಂದು ಹಾಕಿದ್ರಲ್ಲ ಯಜಮಾನ್ರೇ! ಭಾನುವಾರ ಡೈರೆಕ್ಟರ್ ನಮ್ಮ ಲೈಬ್ರರಿಗೇ ಬರ್ತಾನೆ. ಎಲ್ಲರೆದುರು ಪುಸ್ತಕ ಎತ್ತಿ ಹಿಡಿದು ಮಾನ ಹರಾಜು ಹಾಕ್ತೀನಿ."

ಯಾರ ಮಾನ ಹರಾಜಾಗುತ್ತದೆಂದು ನನಗೆ ಗೊತ್ತಿತ್ತು. ಡೈರೆಕ್ಟರನ ಕೈಯಲ್ಲಿ ಬೇರೆ ಪ್ರತಿ ಇರುತ್ತದೆ. ಅದನ್ನು ನಾನು ಹೊಲಿದಿರುವುದಿಲ್ಲ.

ಶನಿವಾರ ಮಧ್ಯಾಹ್ನ ಮೇಷ್ಟ್ರೇ ಆಕಾಶದ ಪುಸ್ತಕ ಹಿಡಿದು ನನ್ನ ಕೋಣೆಗೆ ಬಂದರು. "ರಟ್ಟು ಸಡಿಲವಾಗಿದೆ, ಸ್ವಲ್ಪ ಗಟ್ಟಿ ಮಾಡಿ. ನಾಳೆ ಎತ್ತಿದಾಗ ಬೀಳ್ಬಾರ್ದು."

ನಾನು ಕಪಾಟಿನಿಂದ ಕಡಲಿನ ಪುಸ್ತಕ ತಂದು, ಎರಡನ್ನೂ ನೂರ ನಲವತ್ತೈದಕ್ಕೆ ತೆರೆದು ಅಕ್ಕಪಕ್ಕ ಇಟ್ಟೆ. "ಮೇಷ್ಟ್ರೇ, ಓದಿ."

ಓದಿದರು. ಇದರಲ್ಲೊಂದು ಪುಟ, ಅದರಲ್ಲೊಂದು ಪುಟ. ಕಡಲ ತಳದ ಕ್ಯಾಪ್ಟನ್ ಬಯಲಿಗೆ ಇಳಿದು ಮಗಳನ್ನು ಎತ್ತಿಕೊಂಡಲ್ಲಿ ಬೆರಳು ನಿಂತಿತು.

"ಎಷ್ಟು ದಿನದಿಂದ ಗೊತ್ತು?"

"ನಿಮ್ಮ ಮೊದಲನೇ ಭಾಷಣದಿಂದ."

"ಮತ್ತೆ ಅವತ್ತು ನೀವು ಎದ್ದು ನಿಂತಿದ್ದು..."

"ಅದನ್ನ ಹೇಳೋಕೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಚೊಕ್ಕಟವಾಗಿಯೇ ಇತ್ತು. "ಮೂರನೇ ಕ್ಲಾಸು ಓದಿದವರು ಮೊದಲು ಎದ್ರಲ್ಲ, ನಾನು ಹೇಳಿದ್ದು ಮುಟ್ಟಿದೆ ಅಂದ್ಕೊಂಡಿದ್ದೆ. ಪ್ರತಿ ವರ್ಷ ಅದನ್ನ ನೆನೆಸ್ಕೊಂಡೇ ವೇದಿಕೆ ಹತ್ತುತ್ತಿದ್ದೆ."

ನಾನು ಚಾಕು ಎತ್ತಿಕೊಂಡೆ. "ಕೊಡಿ, ಎರಡನ್ನೂ ಬಿಚ್ಚಿ ಸರಿ ಮಾಡ್ತೀನಿ."

ಅವರು ಎರಡೂ ಪುಸ್ತಕವನ್ನು ಎದೆಗವಚಿಕೊಂಡು ಹೊರಟೇ ಹೋದರು.

ಭಾನುವಾರ ಹಾಲ್ ತುಂಬಿತ್ತು. ಡೈರೆಕ್ಟರ್ ತನ್ನನ್ನು ತಾನೇ ಮುಕ್ಕಾಲು ಗಂಟೆ ಹೊಗಳಿಕೊಂಡು, ಪ್ರಶ್ನೆಗಳಿವೆಯೇ ಎಂದ. ಮೇಷ್ಟ್ರು ಎದ್ದರು. ಪುಸ್ತಕ ಅವರ ಚೀಲದೊಳಗೇ ಇತ್ತು.

"ಕೊನೇಲಿ ಕ್ಯಾಪ್ಟನ್ ಬಾಗಿಲು ತೆಗೆದಾಗ ನೀರು ನುಗ್ಗಿದ್ರೆ ಹೇಗಿರ್ತಿತ್ತು? ಹಡಗು ಹೊರಟೇ ಇರ್ಲಿಲ್ಲ ಅಂತಾಗಿದ್ರೆ?"

ಡೈರೆಕ್ಟರ್ ಜೇಬಿನಿಂದ ಪೆನ್ನು ತೆಗೆದ. "ಸರ್, ಇದು ನಮಗೆ ಹೊಳೀಲೇ ಇಲ್ಲ. ಯಾರ ಕಲ್ಪನೆ?"

ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. "ಇವರದು. ಮೂವತ್ತು ವರ್ಷ ಬಾಯಿಬಿಟ್ಟಿರ್ಲಿಲ್ಲ."

ಹಾಲ್ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಏಳಲೇಬೇಕಾಯಿತು. ಮೊದಲು ತಟ್ಟಿದವರು ನಿಂತೇ ಇದ್ದ ಮೇಷ್ಟ್ರು, ನನ್ನನ್ನೇ ನೋಡುತ್ತಾ, ತುಟಿಯಂಚಿನಲ್ಲಿ ನಗುತ್ತಾ. ಇದ್ದ ಸೇಡನ್ನು ಬಡ್ಡಿಸಮೇತ ತೀರಿಸಿಕೊಂಡರು.

ಕೂತ ಮೇಲೆ ಚೀಲದಿಂದ ಕಡಲಿನ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟರು. "ರಾತ್ರಿ ಪೂರ್ತಿ ಓದಿದೆ. ಇದರ ಕೊನೆ ಮಾತ್ರ ಗಬ್ಬು. ಸರಿ ಮಾಡಿ. ನಂದನ್ನ ಮುಟ್ಟಬೇಡಿ."

"ಅದನ್ನ ಬಿಚ್ಚದೆ ಇದು ಆಗಲ್ಲ ಮೇಷ್ಟ್ರೇ."

ಯೋಚನೆ ಮಾಡಿದರು. "ಹಾಗಾದ್ರೆ ಇರ್ಲಿ ಬಿಡಿ. ಕಡಲಿನ ಪುಸ್ತಕ ಯಾರು ಓದ್ತಾರೆ?"

ಸೋಮವಾರ ಆಕಾಶದ ಪುಸ್ತಕದ ಸಡಿಲವಾದ ರಟ್ಟಿಗೆ ಅಂಟು ಬಳಿದು, ಒಳಗಿನದು ಇದ್ದ ಹಾಗೇ ಇರಲಿ ಎಂದು, ಎರಡನ್ನೂ ಕಪಾಟಿನಲ್ಲಿಟ್ಟೆ.