ಭಾನುವಾರಕ್ಕೆ ಜನ ಬೇಕು

ಮೇಲ್ವಿಚಾರಕಿಯಾದ ಮೇಲೆ ಸೋಯ್ಲಾಳಿಗೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಗುಲಾಬಿಯ ಮುಳ್ಳು ಬಿಡಿಸಿದ ಕೈಗಳು ಅವು. ಈಗ ಹೂ ಮುಟ್ಟಬೇಡ, ನೋಡಿಕೊಂಡರೆ ಸಾಕು ಎಂದಿದ್ದರು ಗುಲಾಬಿ ಕಂಪನಿಯವರು. ಹಾಗಾಗಿ ಹೂ ಕಟ್ಟುವ ಶೆಡ್ಡಿನಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು.

ಕಯಾಂಬೆಯ ಬೆಟ್ಟದೂರಿನಿಂದ ಆ ಹುದ್ದೆಗೇರಿದ ಮೊದಲ ಹೆಂಗಸು ಅವಳು. ಅದೀಗ ಕೈಬಿಟ್ಟು ಹೋಗುವುದರಲ್ಲಿತ್ತು. ಪ್ರೇಮಿಗಳ ದಿನ ಹತ್ತಿರ ಬಂದು ಹೂವು ರಾಶಿರಾಶಿ ಬರುತ್ತಿತ್ತು, ಭಾನುವಾರವೂ ಕೆಲಸ ನಡೆಯಬೇಕಿತ್ತು. ಹೋದ ಭಾನುವಾರಕ್ಕೆ ಧ್ವನಿವರ್ಧಕದಲ್ಲಿ ಗಂಟಲು ಹರಿಯುವಂತೆ ಕರೆದಿದ್ದಳು. ಬಂದವರು ಇಬ್ಬರೇ ಇಬ್ಬರು.

"ಈ ಸಲಾನೂ ಶೆಡ್ ಖಾಲಿ ಇದ್ರೆ ನೀನು ವಾಪಸ್ ಮುಳ್ಳಿನ ಮೇಜಿಗೆ" ಎಂದು ತೋಟದ ಉಸ್ತುವಾರಿಯ ಇಂಜಿನಿಯರ್ ಬೋಲಾನ್ಯೋಸ್ ಕಡ್ಡಿ ಮುರಿದಂತೆ ಹೇಳಿದ್ದ.

ಕೀತೊ ನಗರಕ್ಕೆ ಕಳಿಸಿ ತರಬೇತಿಯನ್ನೂ ಕೊಡಿಸಿದ್ದರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಮೊದಲು ಹೊಗಳಿ, ಕೆಲಸಗಾರರಿಂದ ತುಸು ದೂರವಿರಿ ಎಂದು ಅಲ್ಲಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಇವಳೋ, ಪಾಪ, ಚಾಚೂ ತಪ್ಪದೆ ಮಾಡಿದಳು. ಕಣ್ಣಲ್ಲಿ ಕಣ್ಣಿಟ್ಟರೆ ಹೆಂಗಸರು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕಿಸಿಕಿಸಿ ನಕ್ಕರು.

ಶುಕ್ರವಾರ ಮಧ್ಯಾಹ್ನ ಶೆಡ್ಡಿನ ಹಿಂದಿನ ಹುಲ್ಲಿನ ಮೇಲೆ ಎಂದಿನಂತೆ ಬಟ್ಟೆ ಹಾಸಿತ್ತು. ಮನೆಮನೆಯಿಂದ ತಂದ ಬೇಯಿಸಿದ ಮೆಕ್ಕೆಜೋಳ, ಅವರೆಕಾಳು, ಆಲೂಗಡ್ಡೆಯನ್ನೆಲ್ಲ ಒಂದೇ ರಾಶಿ ಸುರಿದು ಎಲ್ಲರೂ ಸುತ್ತ ಕೂತಿದ್ದರು. ಹುದ್ದೆ ಬಂದಾಗಿನಿಂದ ಸೋಯ್ಲಾ ಇಂಜಿನಿಯರುಗಳ ಜೊತೆ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದವಳು. ಇವತ್ತು ಪೇಟೆಯಿಂದ ಹುರಿದ ಕೋಳಿ ತರಿಸಿ ರಾಶಿಯ ನಡುವೆ ಇಟ್ಟಳು. ಒಬ್ಬರೂ ಮುಟ್ಟಲಿಲ್ಲ.

"ಯಾರ ಮದುವೆ ಕಣೇ ಇದು?" ಎಂದಳು ಮೆಲ್ಚೋರಾ. ಸೋಯ್ಲಾಳಿಗೆ ಮುಳ್ಳು ಬಿಡಿಸುವುದನ್ನು ಕಲಿಸಿದವಳೇ ಅವಳು.

"ಮೆಲ್ಚೋರಕ್ಕ, ನಗಬೇಡ. ಭಾನುವಾರ ಜನ ಬರದಿದ್ರೆ ನನ್ನ ಕೆಲಸ ಹೋಗುತ್ತೆ."

"ಆಲೂಗಡ್ಡೆ ಕೀಳೋಕೆ ಜನ ಬೇಕಾದಾಗ ನಿಮ್ಮಮ್ಮ ಗುಡ್ಡದ ಮೇಲೆ ನಿಂತು ಕೂಗ್ತಿದ್ಲಾ? ಬಾಗಿಲಿಗೆ ಬಂದು ಕೇಳ್ತಿದ್ಲು. ಆಮೇಲೆ ನಮ್ಮ ಹೊಲಕ್ಕೆ ತಾನೂ ಬರ್ತಿದ್ಲು."

"ಅದು ಹೊಲ. ಇಲ್ಲಿ ಕಂಪನಿ ದುಪ್ಪಟ್ಟು ಕೂಲಿ ಕೊಡುತ್ತಲ್ಲ!"

"ಕೂಲಿ ಕಂಪನೀದು. ಕೇಳ್ತಿರೋಳು ನೀನು."

ಸೋಯ್ಲಾಳ ಮುಖಕ್ಕೆ ಹೊಡೆದಂತಾಯಿತು. ಊರಿನ ರೀತಿ ಗೊತ್ತಿಲ್ಲದವಳೇ? ಶೆಡ್ಡಿನೊಳಗೆ ಅದು ನಡೆಯದು ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು.

ಶನಿವಾರವಿಡೀ ಗುಡ್ಡ ಹತ್ತಿ ಇಳಿದಳು. ಪ್ರತಿ ಬಾಗಿಲಲ್ಲೂ ಕೂತು, ಮನೆಯವರ ಕಷ್ಟಸುಖವನ್ನೆಲ್ಲ ಕೇಳಿ, ಆಮೇಲೆ ನಾಳೆ ಕೈಜೋಡಿಸಿ ಎಂದು ಕೇಳಿದಳು. ಬದಲಿಗೆ ಅವರವರ ಹೊಲಕ್ಕೆ ತನ್ನದೊಂದು ದಿನ ಕೊಡುತ್ತೇನೆಂದಳು. ಮೆಲ್ಚೋರಾಳಿಗೆ ಅದರ ಮುಂದಿನ ಭಾನುವಾರವನ್ನೇ ಕೊಟ್ಟಳು.

ಭಾನುವಾರ ಶೆಡ್ ತುಂಬಿತು. ಬೋಲಾನ್ಯೋಸ್ ಹಿಗ್ಗಿ ಹೀರೇಕಾಯಿಯಾಗಿ ಬಂದ.

"ಭಲೇ! ತರಬೇತಿ ಫಲ ಕೊಡ್ತು ನೋಡು. ಮುಂದಿನ ಭಾನುವಾರಾನೂ ಇಷ್ಟೇ ಜನ ಬೇಕು."

"ಅವತ್ತು ನಾನು ಮೆಲ್ಚೋರಕ್ಕನ ಹೊಲದಲ್ಲಿರ್ತೀನಿ, ಇಂಜಿನಿಯರ್ರೇ. ಮಾತು ಕೊಟ್ಟಿದ್ದೀನಿ. ಅವಳ ಆಲೂಗಡ್ಡೆ ಕೀಳೋಕೆ ಇವರೂ ಅಲ್ಲೇ ಇರ್ತಾರೆ."

"ಹೊಲ ಬೇಕೋ ಹುದ್ದೆ ಬೇಕೋ, ಒಂದು ಹೇಳು."

ಸೋಯ್ಲಾಳಿಗೆ ಹುದ್ದೆ ಬೇಕಿತ್ತು, ಅಯ್ಯೋ ಎಷ್ಟು ಬೇಕಿತ್ತು! "ಹೊಲ" ಎಂದು ಬಾಯಿಂದ ಬಂತು. ಮರುದಿನವೇ ಅವಳನ್ನು ಮುಳ್ಳಿನ ಮೇಜಿಗೆ ನಿಲ್ಲಿಸಿದರು. ವಾರವಿಡೀ ತಲೆ ಎತ್ತದೆ ಮುಳ್ಳು ಬಿಡಿಸಿದಳು. ಕೊಟ್ಟ ಮಾತಿನ ಮೇಲೆಯೇ ಅವಳಿಗೆ ಸಿಟ್ಟು ಬರುತ್ತಿತ್ತು.

ಮುಂದಿನ ಭಾನುವಾರ ಎಲ್ಲರೂ ಸಾಲು ಹಿಡಿದು ಆಲೂಗಡ್ಡೆ ಕೀಳುತ್ತಿದ್ದಾಗ ಹೊಲದ ಬದುವಿನಲ್ಲಿ ಜೀಪು ಬಂದು ನಿಂತಿತು. ಇಳಿದವನು ಬೋಲಾನ್ಯೋಸ್. ಬೆಳಿಗ್ಗೆಯಿಂದ ಧ್ವನಿವರ್ಧಕದಲ್ಲಿ ಕೂಗಿ ಕೂಗಿ ಅವನ ಸ್ವರವೇ ಬಿದ್ದುಹೋಗಿತ್ತು.

"ಹೂವೆಲ್ಲ ಬಾಡ್ತಾ ಇದೆ, ಸೋಯ್ಲಾ! ಹುದ್ದೆ ವಾಪಸ್ ತಗೋ ಮಾರಾಯ್ತಿ, ಇವರನ್ನ ಕರ್ಕೊಂಡು ಬಾ."

ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿದರು. 'ಹೂಂ' ಎನ್ನಲು ಸೋಯ್ಲಾಳ ನಾಲಗೆ ತುದಿ ತುರಿಸುತ್ತಿತ್ತು. ಆದರೆ ಸಾಲಿನತ್ತ ಕೈ ತೋರಿಸಿದಳು.

"ಕೇಳೋಕೆ ಬಂದಿರೋರು ನೀವು. ನನ್ನನ್ನಲ್ಲ, ಅವರನ್ನ ಕೇಳಿ."

ಬೋಲಾನ್ಯೋಸ್ ಟೋಪಿ ತೆಗೆದು ಮೆಲ್ಚೋರಾಳ ಮುಂದೆ ನಿಂತ. ಅಷ್ಟು ಮಾತು ಬಲ್ಲವನಿಗೆ ಶುರು ಮಾಡುವುದು ಹೇಗೆಂದೇ ತೋಚಲಿಲ್ಲ. ಕೊನೆಗೆ, "ಸ್ವಲ್ಪ ಬರ್ತೀರಾ?" ಎಂದ.

"ಬರೋಣ. ಈ ಸಾಲು ಉಳಿದಿದೆಯಲ್ಲ" ಎಂದಳು ಮೆಲ್ಚೋರಾ.

ಅವನು ಹೊಲ ನೋಡಿದ, ಮಿರಮಿರ ಮಿನುಗುವ ತನ್ನ ಬೂಟು ನೋಡಿದ. ಆಮೇಲೆ ಕೋಟು ಬಿಚ್ಚಿದ. ಸೋಯ್ಲಾ ತನ್ನ ಗುದ್ದಲಿಯನ್ನು ಅವನಿಗೆ ಕೊಟ್ಟು, ಹಿಡಿಯುವುದು ಹೇಗೆಂದು ತೋರಿಸಿದಳು.