ಸೊಟ್ಟ ಹಿಡಿ

ಆ ಮರಗೆಲಸದ ಶೆಡ್ಡಿನಲ್ಲಿ ಮಾತಿಗೆ ಅಣ್ಣ, ಕೆಲಸಕ್ಕೆ ತಂಗಿ ಎಂದು ಗಿರಾಕಿಗಳು ನಗುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಗರಗಸದ ಮೇಜಿನ ಮುಂದೆ ನಿಂತರೆ ಅಣ್ಣನೂ ಯಾರಿಗೂ ಕಡಿಮೆಯಿರಲಿಲ್ಲ. ಹುಟ್ಟಾ ಎಡಚ, ಎಡಗೈಯಲ್ಲೇ ಎಲ್ಲ. ತಂಗಿಯದು ಉಳಿ ಹಿಡಿಯುವ ಬಲಗೈ. ಅವಳು ಬಾಗಿಲ ಮೇಲೆ ಕೆತ್ತಿದ ಬಳ್ಳಿಯನ್ನು ಬೆರಳಲ್ಲಿ ಸವರಿ ನೋಡದೆ ಯಾರೂ ಹೋಗುತ್ತಿರಲಿಲ್ಲ. ಐವತ್ತು ದಾಟಿದ್ದರೂ ಅಣ್ಣನ ಬಾಯಲ್ಲಿ ಅವಳು ಪುಟ್ಟಿಯೇ.

ಒಂದು ದಿನ ಪುಟ್ಟಿ ಹೊಸ ಸಾಮಾನೊಂದನ್ನು ಮಾಡಿದಳು. ಗರಗಸದ ಮೇಜಿನ ಮೇಲೆ ಹಲಗೆಯನ್ನು ಆನಿಸಿ ತಳ್ಳಲು ಒಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಫೆನ್ಸ್, ಅದು ನಾಲ್ಕು ಬೆರಳು ಎತ್ತರ. ಮಲಗಿಸಿ ಕೊಯ್ಯುವ ಹಲಗೆಗೆ ಅಷ್ಟು ಸಾಕು. ಬಾಗಿಲಿನ ಹಲಗೆಯ ಅಂಚನ್ನು ಓರೆ ಮಾಡಬೇಕಾದರೆ ಮಾತ್ರ ಅದನ್ನು ನೆಟ್ಟಗೆ ನಿಲ್ಲಿಸಿ ಬ್ಲೇಡಿನ ಮೇಲೆ ಹಾಯಿಸಬೇಕು. ಎರಡಡಿ ಹಲಗೆಗೆ ನಾಲ್ಕು ಬೆರಳಿನ ಆಸರೆ ಯಾವ ಮೂಲೆಗೆ ಸಾಕು? ಪುಟ್ಟಿ ದಪ್ಪ ಪ್ಲೈವುಡ್ಡನ್ನು ಒಂದೂವರೆ ಅಡಿ ಎತ್ತರಕ್ಕೆ ಕೊಯ್ದು ಆ ಪಟ್ಟಿಗೆ ಸ್ಕ್ರೂ ಹಾಕಿ ನಿಲ್ಲಿಸಿದಳು. ಅದರ ನೆತ್ತಿಯ ಮೇಲೆ, ಕುದುರೆಗೆ ಜೀನು ಕೂತಂತೆ, ಹಿಂದೆ ಮುಂದೆ ಜಾರುವ ಒಂದು ಮರದ ತುಂಡು. ಕೊಯ್ಯುವ ಹಲಗೆಯನ್ನು ಒತ್ತಿ ಹಿಡಿದು ಮುಂದಕ್ಕೆ ನೂಕುವುದಕ್ಕೆ ಅದಕ್ಕೊಂದು ಹಿಡಿ.

"ಇದ್ಯಾಕೆ?" ಎಂದ ಅಣ್ಣ.

"ಹಲಗೆ ವಾಲಿಬಿಟ್ರೆ ಅಂತ. ನಂಗೆ ಭಯ ಆಗತ್ತಣ್ಣ."

"ಮೂವತ್ತು ವರ್ಷದಿಂದ ಇಲ್ಲದ ಭಯ ಈಗ ಎಲ್ಲಿಂದ ಬಂತು?"

"ವಯಸ್ಸಾಯ್ತಲ್ಲ."

ಯಾರಿಗೆ ಎಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಕೇಳಬೇಕಿತ್ತು. ಆ ಹೊತ್ತಿಗಾಗಲೇ ಅವನ ಕೈ ನಡುಗಲು ಶುರುವಾಗಿತ್ತು. ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಟೀ ತುಂಬಾ ಬಿಸಿ ಎಂದು ನೆಪ ಹೇಳುತ್ತಿದ್ದ. ಪುಟ್ಟಿ ಅವನಿಗೆ ಮೊದಲು ಅರ್ಧ ಲೋಟ ಬಗ್ಗಿಸಿ, ಇನ್ನರ್ಧ ಆಮೇಲೆ ಕೊಡುತ್ತಿದ್ದಳು. ಯಾರಿಗೂ ಗೊತ್ತಾಗಿಲ್ಲ ಎಂದೇ ಅವನ ನಂಬಿಕೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಅಂದಿನಿಂದ ಅವನಿಗೆ ಹಾಸ್ಯಕ್ಕೊಂದು ವಸ್ತು ಸಿಕ್ಕಿತು. ಬಂದವರಿಗೆಲ್ಲ ತೋರಿಸಿ, "ನಮ್ಮ ಪುಟ್ಟಿ ಕೋಟೆ ಕಟ್ಕೊಂಡು ಯುದ್ಧಕ್ಕೆ ಹೋಗ್ತಾಳೆ" ಎನ್ನುವನು, ತಾನು ಮಾತ್ರ ಆ ಹಿಡಿಯನ್ನು ಮುಟ್ಟುತ್ತಿರಲಿಲ್ಲ. ಹಿಡಿಯಂತೂ ಅವನ ಕಣ್ಣಿಗೆ ಒಂದು ಪಕ್ಕಕ್ಕೆ ತಿರುಚಿಕೊಂಡಂತೆ ಕಾಣುತ್ತಿತ್ತು. ಪುಟ್ಟಿ ಅದನ್ನು ಬಲಗೈಯಲ್ಲಿ ಹಿಡಿದು ತಳ್ಳುವಾಗ ಅವಳ ಮಣಿಕಟ್ಟು ಡೊಂಕಾಗುತ್ತಿತ್ತು. "ಹಿಡೀನೂ ಸೊಟ್ಟ ಮಾಡಿದೀಯಲ್ಲೇ, ಇದೇನಾ ನಿನ್ನ ಕೈಕೆಲಸ?" ಎಂದು ಛೇಡಿಸಿದರೆ ಅವಳು ನಕ್ಕುಬಿಡುವಳು. ಜೀವಮಾನದಲ್ಲಿ ಒಂದು ಮೊಳೆಯನ್ನೂ ಸೊಟ್ಟ ಹೊಡೆಯದವಳು ಹಿಡಿಯನ್ನೇಕೆ ಸೊಟ್ಟ ಮಾಡಿಯಾಳು ಎಂದು ಆ ಮಹರಾಯ ಒಂದು ದಿನವಾದರೂ ಯೋಚಿಸಲಿಲ್ಲ.

ಶಾಲೆಯ ಹೆಡ್‌ಮೇಡಂ ಹನ್ನೆರಡು ಬಾಗಿಲು ಮಾಡಿಸಲು ಬಂದ ದಿನ ಅವನ ನಾಲಿಗೆ ಇನ್ನಷ್ಟು ಉದ್ದವಾಯಿತು. ಇದೇನು ಇಷ್ಟೆತ್ತರ ಎಂದು ಅವರು ಕೇಳಿದ್ದೇ ತಡ, "ಕುಣೀಲಾರದವಳಿಗೆ ನೆಲ ಡೊಂಕು, ಕೊಯ್ಯಲಾರದವಳಿಗೆ ಫೆನ್ಸ್ ಗಿಡ್ಡ. ನೋಡಿ ಮೇಡಂ, ನಂಗೆ ಇದೆಲ್ಲ ಬೇಡ" ಎಂದು ನಾಲ್ಕು ಸ್ಕ್ರೂ ಬಿಚ್ಚಿ ಆ ಪ್ಲೈವುಡ್ಡನ್ನು ಗೋಡೆಗೆ ಒರಗಿಸಿಬಿಟ್ಟ.

"ಅಣ್ಣ, ಬೇಡ. ಹಾಕ್ಕೋ" ಎಂದಳು ಪುಟ್ಟಿ.

"ನೀನು ಸುಮ್ನಿರು."

ಅವನು ಮೆಷಿನ್ ಹಾಕಿ, ಒಂದು ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ತಳ್ಳಿದ. ಅರ್ಧ ದಾರಿ ಸರಿಯಾಗಿಯೇ ಹೋಯಿತು. ಆಮೇಲೆ ಎಡಗೈ ನಡುಗಿತು, ಹಲಗೆಯ ತಲೆ ವಾಲಿತು. ಪಕ್ಕದಲ್ಲಿದ್ದ ಪುಟ್ಟಿ ಅದನ್ನು ನೆಟ್ಟಗೆ ಹಿಡಿಯಲು ಬಲಗೈ ಚಾಚಿದಳು. ಬ್ಲೇಡಿಗೆ ಸಿಕ್ಕ ಹಲಗೆ ಹಿಂದಕ್ಕೆ ಚಿಮ್ಮಿ ಅವಳ ಕೈಯನ್ನು ಮೇಜಿನ ಕಬ್ಬಿಣದ ಅಂಚಿಗೆ ಜಜ್ಜಿತು. ಅವನಿಗೆ ಒಂದು ಗೀರೂ ಆಗಲಿಲ್ಲ.

ಮೂಳೆ ಐದು ಕಡೆ ಮುರಿದಿತ್ತು. ಎರಡು ಆಪರೇಷನ್ ಆದ ಮೇಲೆ, ಬೆರಳು ಇನ್ನು ಪೂರ್ತಿ ಮಡಚುವುದಿಲ್ಲ ಎಂದರು ಡಾಕ್ಟರು. ಉಳಿ ಹಿಡಿಯುವ ಮಾತು ಮುಗಿಯಿತು.

ಮೂರು ತಿಂಗಳು ಶೆಡ್ಡಿಗೆ ಬೀಗ. ಹೆಡ್‌ಮೇಡಂ ಪಾಪ, ಒಂದು ಮಾತೂ ಆಡದೆ ಕಾದರು. ಒಪ್ಪಿಕೊಂಡ ಕೆಲಸ ಮುಗಿಸಲೇಬೇಕೆಂದು ಅವನೊಬ್ಬನೇ ಬಂದು ಬಾಗಿಲು ತೆರೆದ. ಗೋಡೆಗೆ ಒರಗಿದ್ದ ಪ್ಲೈವುಡ್ಡಿನ ಮೇಲೆ ಧೂಳು ಕೂತಿತ್ತು. ಅದನ್ನು ಒರೆಸಿ, ನಾಲ್ಕು ಸ್ಕ್ರೂ ಬಿಗಿದು, ನೆತ್ತಿಯ ಮೇಲೆ ಮರದ ತುಂಡನ್ನು ಕೂರಿಸಿ, ಮೊದಲ ಸಲ ಆ ಹಿಡಿಗೆ ಕೈ ಹಾಕಿದ. ಎಡಗೈ.

ಹಿಡಿ ಸೊಟ್ಟಗಿರಲಿಲ್ಲ. ಎಡಗೈಯ ಹೆಬ್ಬೆರಳಿಗೆ ಒಂದು ತಗ್ಗು, ನಾಲ್ಕು ಬೆರಳಿಗೆ ನಾಲ್ಕು, ಅಂಗೈಗೆ ಒಂದು ಉಬ್ಬು. ಅಳತೆ ತೆಗೆದು ಮಾಡಿದ ಚಪ್ಪಲಿಯಂತೆ ಕೂತಿತು. ನಡುಕ ಆ ಎತ್ತರದ ಹಲಗೆಯ ಮೈಯಲ್ಲೇ ಇಂಗಿಹೋಯಿತು. ಮೊದಲ ಬಾಗಿಲಿನ ಓರೆ ಸರಾಗವಾಗಿ ಬಂತು, ಒಂದು ಗೆರೆ ಆಚೀಚೆ ಇಲ್ಲ. ಅವನು ಮೆಷಿನ್ ಆರಿಸಿ, ಮರದ ಹೊಟ್ಟಿನ ಮೇಲೆ ಕೂತು ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಇಲ್ಲಿ ಸುಟ್ಟಿದ್ದು ಇನ್ನೊಬ್ಬರ ಕೈ.

ಮರುದಿನ ಪುಟ್ಟಿಯೇ ಶೆಡ್ಡಿಗೆ ಬಂದಳು. ಬಲಗೈಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು.

"ಯಾಕೆ ಹೇಳ್ಲಿಲ್ಲ ಪುಟ್ಟಿ? ನಂಗೋಸ್ಕರ ಮಾಡಿದ್ದು ಅಂತ ಒಂದು ಮಾತು?"

"ನಂಗೆ ಭಯ ಅಂದ್ರೆ ನೀನು ನಗ್ತೀಯ, ಅಷ್ಟೇ ತಾನೆ. ನಿನ್ನ ಕೈ ನಡುಗತ್ತೆ ಅಂದಿದ್ರೆ ಮಾರನೇ ದಿನದಿಂದ ಮೆಷಿನ್ ಹತ್ರಾನೇ ಬರ್ತಿರ್ಲಿಲ್ಲ. ನಿನ್ನ ನಂಗೊತ್ತಿಲ್ವಾ?"

ಮಾತಿನ ಮಲ್ಲ ಎಂದು ಹೆಸರಾದವನು ಹಿಡಿಯ ಮೇಲೆ ಕೂತಿದ್ದ ಮರದ ಹೊಟ್ಟನ್ನು ಒರೆಸತೊಡಗಿದ.

ಪುಟ್ಟಿ ಮೇಜಿನ ಹತ್ತಿರ ಬಂದು, ಸೆಟೆದ ಬಲಗೈಯನ್ನು ಪಕ್ಕಕ್ಕೆ ಇಳಿಬಿಟ್ಟು, ಎಡಗೈಯಿಂದ ಆ ಹಿಡಿಯನ್ನು ಹಿಡಿದಳು. ಅವಳ ಬೆರಳಿಗೆ ಅವು ಸ್ವಲ್ಪ ದೊಡ್ಡ ತಗ್ಗುಗಳು. ಆದರೂ ಮಣಿಕಟ್ಟು ನೆಟ್ಟಗೆ ನಿಂತಿತು.

"ನೋಡಿದ್ಯಾ ಅಣ್ಣ? ಈಗ ನಂಗೂ ಸೊಟ್ಟ ಅನ್ಸಲ್ಲ" ಎಂದು ನಕ್ಕಳು.

ಇಷ್ಟು ವರ್ಷ ಅವನ ಹಾಸ್ಯಕ್ಕೆಲ್ಲ ಅವಳು ನಕ್ಕಿದ್ದಳು. ಅವಳ ಈ ಒಂದು ಹಾಸ್ಯಕ್ಕೆ ಅವನಿಗೆ ನಗಲಾಗಲಿಲ್ಲ.

"ಹಲಗೆ ತಗೊಂಡ್ ಬಾ" ಎಂದಳು ಪುಟ್ಟಿ. "ಇನ್ನೂ ಹನ್ನೊಂದು ಬಾಗಿಲಿದೆ."